ಗರ್ಭಕೋಶ ಜಾರುವಿಕೆ: ನಿಲುವು, ಉಸಿರು, ತಳಸ್ನಾಯುವಿನ ವ್ಯಾಯಾಮ – ಬಿಡಿಸಿ ಹೇಳುವ ಚರ್ಚೆ

ಹಸಿರುಗರಿ (ಚರ್ಚೆ ಆರಂಭಿಸಿದವರು)

ಗರ್ಭಕೋಶ ಜಾರಿದೆ ಎಂದು ಗೊತ್ತಾದವರಿಗೆ ಸಿಗುವ ಸಲಹೆ ಹೆಚ್ಚಾಗಿ ಎರಡೇ ಮಾತು: "ಭಾರ ಎತ್ತಬೇಡಿ, ಕೆಗೆಲ್ ಮಾಡಿ." ಕೆಗೆಲ್ ಎಂದರೆ ತಳಸ್ನಾಯುವನ್ನು, ಅಂದರೆ ಸೊಂಟದ ಗುಂಡಿಯ ತಳದಲ್ಲಿದ್ದು ಈ ಅಂಗಗಳನ್ನು ಕೆಳಗಿನಿಂದ ಹಿಡಿದಿರುವ ಸ್ನಾಯುವನ್ನು, ಬಿಗಿ-ಸಡಿಲ ಮಾಡುವ ವ್ಯಾಯಾಮ. ಹೇಗೆ ಮಾಡಬೇಕು, ಎಷ್ಟು, ಎಷ್ಟು ಕಾಲ, ತಪ್ಪಾಗುತ್ತಿದ್ದರೆ ತಿಳಿಯುವುದು ಹೇಗೆ ಎಂಬುದನ್ನು ಕೂರಿಸಿಕೊಂಡು ಹೇಳುವವರು ಕಡಿಮೆ. ಈ ಕೆಲಸ ಬಲ್ಲವರು ಇಲ್ಲಿ ಇದ್ದೀರಿ, ದಯವಿಟ್ಟು ವಿವರವಾಗಿ ಬರೆಯಿರಿ.

ಶುರುವಿಗೆ ಒಂದು ವಿಷಯ ನಾನೇ ಹೇಳಿಬಿಡುತ್ತೇನೆ. ಜಾರುವುದು ಗರ್ಭಕೋಶ ಒಂದೇ ಅಲ್ಲ. ಯೋನಿಯ ಮುಂಗೋಡೆಯ ಕಡೆಯಿಂದ ಮೂತ್ರಕೋಶ ಇಳಿಯಬಹುದು, ಹಿಂಗೋಡೆಯ ಕಡೆಯಿಂದ ಗುದನಾಳ ಉಬ್ಬಬಹುದು, ಗರ್ಭಕೋಶ ತೆಗೆಸಿಕೊಂಡವರಲ್ಲಿ ಯೋನಿಯ ಮೇಲ್ತುದಿಯೇ ಕೆಳಗೆ ಬರಬಹುದು. ಒಬ್ಬರಲ್ಲೇ ಎರಡು ಮೂರು ಒಟ್ಟಿಗೆ ಇರುವುದೂ ಉಂಟು. 1996ರಿಂದ ಬಳಕೆಯಲ್ಲಿರುವ ಅಳತೆಯಲ್ಲಿ ಯೋನಿದ್ವಾರದ ಪೊರೆಯ ಗೆರೆಯೇ ಸೊನ್ನೆ. ಇಳಿದ ಭಾಗ ಆ ಗೆರೆಗಿಂತ 1 ಸೆಂ.ಮೀ.ಗೂ ಹೆಚ್ಚು ಮೇಲಿದ್ದರೆ ಒಂದನೇ ಹಂತ. ಗೆರೆಯಿಂದ ಮೇಲೆ 1, ಕೆಳಗೆ 1 ಸೆಂ.ಮೀ. ಒಳಗಿದ್ದರೆ ಎರಡನೆಯದು. ಅದಕ್ಕಿಂತ ಹೊರಗೆ ಬಂದರೆ ಮೂರು, ಹೆಚ್ಚುಕಡಿಮೆ ಪೂರ್ತಿ ಹೊರಳಿ ಬಂದರೆ ನಾಲ್ಕು. ಪರೀಕ್ಷೆ ಮಾಡಿದವರ ಹತ್ತಿರ "ಯಾವ ಗೋಡೆ, ಯಾವ ಹಂತ" ಎಂದು ಕೇಳಿ ಬರೆಸಿಕೊಳ್ಳಿ. ಮುಂದೆ ಏನು ಮಾಡಬೇಕು ಎಂಬುದು ಅದರ ಮೇಲೆ ನಿಂತಿದೆ.

ತಳಸ್ನಾಯು_ಫಿಸಿಯೋ

ವ್ಯಾಯಾಮಕ್ಕೂ ಮೊದಲು ಉಸಿರು. ಉಸಿರು ಎಳೆದುಕೊಂಡಾಗ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯುತ್ತದೆ, ಅದರ ಜೊತೆ ತಳಸ್ನಾಯುವೂ ಸ್ವಲ್ಪ ಇಳಿದು ಸಡಿಲವಾಗುತ್ತದೆ. ಉಸಿರು ಬಿಟ್ಟಾಗ ಎರಡೂ ಮೇಲಕ್ಕೆ ಬರುತ್ತವೆ. ಹಾಗಾಗಿ ಬಿಗಿ ಮಾಡುವ ಹೊತ್ತು ಉಸಿರು ಬಿಡುವ ಹೊತ್ತು. ಉಸಿರು ಕಟ್ಟಿ ಬಿಗಿ ಮಾಡಿದರೆ ಹೊಟ್ಟೆಯೊಳಗಿನ ಒತ್ತಡಕ್ಕೆ ಬೇರೆ ದಾರಿಯಿಲ್ಲ, ಅದು ಕೆಳಗೇ ಬರುತ್ತದೆ.

ಅಂಗಾತ ಮಲಗಿ ಮಂಡಿ ಮಡಿಸಿ, ಅಥವಾ ಪಕ್ಕಕ್ಕೆ ಮಲಗಿ. ಕೈಗಳನ್ನು ಕೆಳ ಪಕ್ಕೆಲುಬಿನ ಮೇಲೆ ಇಟ್ಟುಕೊಳ್ಳಿ. ಮೂಗಿನಿಂದ 3–4 ಸೆಕೆಂಡು ಎಳೆದುಕೊಳ್ಳುವಾಗ ಪಕ್ಕೆ ಎರಡೂ ಬದಿಗೆ ಮತ್ತು ಬೆನ್ನಿನ ಕಡೆಗೆ ಅಗಲವಾಗಬೇಕು. ಹೊಟ್ಟೆಯನ್ನು ಬೇಕೆಂದೇ ಮುಂದಕ್ಕೆ ನೂಕುವುದು ಬೇಡ. ತುಟಿ ಸಡಿಲವಾಗಿಟ್ಟು 5–6 ಸೆಕೆಂಡು ಬಿಡಿ. ಎಂಟು ಹತ್ತು ಸಲ ಇದಷ್ಟೇ.

ಆಮೇಲೆ ಉಸಿರು ಬಿಡುತ್ತಾ, ಹೂಸು ಹೋಗದ ಹಾಗೆ ಗುದದ್ವಾರವನ್ನು ಮುಚ್ಚಿ. ಆ ಹಿಡಿತವನ್ನು ಹಾಗೇ ಮುಂದಕ್ಕೆ, ಮೂತ್ರದ್ವಾರದ ತನಕ ತನ್ನಿ. ನಂತರ ಒಳಕ್ಕೆ, ಮೇಲಕ್ಕೆ ಎತ್ತಿ. ಪೂರ್ತಿ ಬಲ ಹಾಕಬೇಡಿ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಹಿಡಿದಿರುವಾಗ ಉಸಿರಾಟ ನಡೆಯುತ್ತಲೇ ಇರಬೇಕು. ಬಾಯಿಬಿಟ್ಟು ಎಣಿಸಿದರೆ ಉಸಿರು ಕಟ್ಟಲು ಆಗುವುದೇ ಇಲ್ಲ, ಅದಕ್ಕೇ ಮೊದಲ ವಾರ ಗಟ್ಟಿಯಾಗಿ ಎಣಿಸಿ.

ಶುರುವಿನಲ್ಲಿ 3 ಸೆಕೆಂಡು ನಿಂತರೆ ಮೂರೇ ಇರಲಿ. ತಲುಪಬೇಕಾದದ್ದು: 8ರಿಂದ 10 ಸೆಕೆಂಡು ಹಿಡಿತ, 8ರಿಂದ 12 ಸಲ, ಅದಾದ ಮೇಲೆ ಬೇಗ ಬೇಗ ಬಿಗಿ-ಸಡಿಲ 10 ಸಲ, ದಿನಕ್ಕೆ ಮೂರು ಹೊತ್ತು. ಪ್ರತಿ ಹಿಡಿತದ ನಂತರ ಹಿಡಿದಷ್ಟೇ ಹೊತ್ತು ಪೂರ್ತಿ ಬಿಡಬೇಕು. ಬಿಡುವುದನ್ನು ನುಂಗಿಬಿಡುವವರೇ ಹೆಚ್ಚು, ಹಾಗೆ ಮಾಡಿದರೆ ನಾಲ್ಕನೇ ಸಲಕ್ಕೇ ಸ್ನಾಯು ದಣಿದು ಉಳಿದದ್ದೆಲ್ಲ ಕುಂಡಿ, ತೊಡೆಗಳ ಕೆಲಸವಾಗುತ್ತದೆ. ಕುಂಡಿ ಬಿಗಿಯಾಗತೊಡಗಿದ ಕ್ಷಣಕ್ಕೆ ನಿಲ್ಲಿಸಿ. ಅಲ್ಲಿಯವರೆಗೆ ಆದ ಎಣಿಕೆಯೇ ಇವತ್ತಿನ ನಿಮ್ಮ ಎಣಿಕೆ.

ಅವಧಿ: ಕನಿಷ್ಠ 16 ವಾರ. ಎರಡು ವಾರಕ್ಕೆ "ಏನೂ ಆಗಲಿಲ್ಲ" ಎಂದು ಬಿಡುವವರು ಸ್ನಾಯು ದಪ್ಪವಾಗುವ ಮೊದಲೇ ಬಿಟ್ಟಿರುತ್ತಾರೆ.

ಹಸಿರುಗರಿ

ಸರಿಯಾಗಿ ಆಗುತ್ತಿದೆಯೋ ಇಲ್ಲವೋ ಮನೆಯಲ್ಲೇ ನೋಡಿಕೊಳ್ಳಲು ದಾರಿ ಇದೆಯೇ? ಹೇಳಿಕೊಟ್ಟಾಗ ಎಲ್ಲರೂ "ಆಯ್ತು, ಗೊತ್ತಾಯ್ತು" ಅಂತಾರೆ, ಮಾಡುವಾಗ ಕೆಳಕ್ಕೆ ನೂಕುತ್ತಿರುತ್ತಾರೆ.

ತಳಸ್ನಾಯು_ಫಿಸಿಯೋ

ಹೌದು ಮೇಡಂ, ಈ ರೋಗದಲ್ಲಿ ಅತ್ಯಂತ ಹಾನಿ ಮಾಡುವ ತಪ್ಪು ಅದೇ. ಮೂರು ಪರೀಕ್ಷೆ ಇವೆ.

ಕನ್ನಡಿ ಹಿಡಿದು ನೋಡಿ. ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಜಾಗ ಒಳಕ್ಕೆ, ಮೇಲಕ್ಕೆ ಸರಿಯಬೇಕು. ಉಬ್ಬಿ ಹೊರಗೆ ಬಂದರೆ ನೀವು ತಿಣುಕುತ್ತಿದ್ದೀರಿ.

ತೊಳೆದ ಬೆರಳನ್ನು ಯೋನಿಯೊಳಗೆ ಒಂದೆರಡು ಗೆಣ್ಣಿನಷ್ಟು ಇಟ್ಟು ಬಿಗಿ ಮಾಡಿ. ಬೆರಳಿನ ಸುತ್ತ ಹಿಡಿದು ಒಳಗೆ ಎಳೆದ ಹಾಗೆ ಆಗಬೇಕು, ಹೊರಕ್ಕೆ ತಳ್ಳಿದ ಹಾಗಲ್ಲ. ಎಡ ಬಲ ಎರಡೂ ಕಡೆ ಮುಟ್ಟಿ ನೋಡಿ. ಒಂದು ಕಡೆ ಏನೂ ಸಿಗದಿದ್ದರೆ ಹೆರಿಗೆಯಲ್ಲಿ, ಅದರಲ್ಲೂ ಫೋರ್ಸೆಪ್ಸ್ (ಮಗುವಿನ ತಲೆ ಹಿಡಿದು ಎಳೆಯುವ ಇಕ್ಕಳ) ಹಾಕಿದ ಹೆರಿಗೆಯಲ್ಲಿ, ಸ್ನಾಯು ಮೂಳೆಯಿಂದ ಕಿತ್ತುಬಂದಿರಬಹುದು. ಅದನ್ನು ತಜ್ಞರಿಗೆ ತೋರಿಸಬೇಕು. ಕಿತ್ತ ಸ್ನಾಯು ವ್ಯಾಯಾಮದಿಂದ ಮತ್ತೆ ಅಂಟಿಕೊಳ್ಳುವುದಿಲ್ಲ, ಉಳಿದ ಭಾಗವನ್ನು ಬಲಪಡಿಸಲು ಮಾತ್ರ ಸಾಧ್ಯ.

ಮೂರನೆಯದು ಹೊಟ್ಟೆ. ಹೊಕ್ಕುಳಿನ ಮೇಲಿನ ಭಾಗದ ಮೇಲೆ ಕೈಯಿಡಿ. ಬಿಗಿ ಮಾಡಿದಾಗ ಅದು ಗಟ್ಟಿಯಾಗಿ ಉಬ್ಬಿದರೆ ಒತ್ತಡ ಕೆಳಕ್ಕೆ ಹೋಗುತ್ತಿದೆ ಎಂದರ್ಥ. "ಸ್ಸ್ಸ್" ಎಂದು ಸದ್ದು ಮಾಡುತ್ತಾ ಉಸಿರು ಬಿಟ್ಟು, ಬಲ ಅರ್ಧಕ್ಕೆ ಇಳಿಸಿ ಮತ್ತೆ ಮಾಡಿ.

ಮೂತ್ರ ಹೋಗುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ. ಮೂತ್ರಕೋಶ ಪೂರ್ತಿ ಖಾಲಿಯಾಗುವ ಕ್ರಮ ಕೆಡುತ್ತದೆ, ಮೂತ್ರಕೋಶ ಇಳಿದವರಿಗಂತೂ ಮೂತ್ರ ಉಳಿಯುವ ತೊಂದರೆ ಮೊದಲೇ ಇರುತ್ತದೆ.

ಇನ್ನೊಂದು ಗುಂಪಿನವರು ಇದ್ದಾರೆ, ಅವರ ಸ್ನಾಯು ಸಡಿಲವಲ್ಲ, ಸದಾ ಬಿಗಿ. ಸಂಭೋಗದಲ್ಲಿ ನೋವು, ಮೂತ್ರ ಶುರುವಾಗಲು ತಡ, ಮಲ ಹೊರಬರುವ ಹೊತ್ತಿಗೆ ದ್ವಾರ ಬಿಟ್ಟುಕೊಡದಿರುವುದು – ಈ ಲಕ್ಷಣಗಳಿದ್ದರೆ ಹಿಡಿತದ ವ್ಯಾಯಾಮ ಸದ್ಯಕ್ಕೆ ಬಿಡಿ. ಉಸಿರಾಟ ಮತ್ತು ಸಡಿಲಿಸುವುದನ್ನು ಮಾತ್ರ ಮಾಡಿ, ತೋರಿಸಿಕೊಂಡು ಮುಂದುವರಿಯಿರಿ.

ನೆಟ್ಟಗೆ_ನಿಲುವು

ಉಸಿರಿನ ಬಗ್ಗೆ ಹೇಳಿದ್ದು ಒಪ್ಪುತ್ತೇನೆ. ಆದರೆ ದಿನದ ಹದಿನೈದು ಹದಿನಾರು ಗಂಟೆ ನಾವು ಹೇಗೆ ನಿಲ್ಲುತ್ತೇವೆ, ಕೂರುತ್ತೇವೆ ಎಂಬುದನ್ನು ಬಿಟ್ಟು ಹದಿನೈದು ನಿಮಿಷದ ವ್ಯಾಯಾಮವನ್ನೇ ನೆಚ್ಚಿಕೊಂಡರೆ ಹೇಗೆ?

ಸೊಂಟದ ಗುಂಡಿ ನೆಲಕ್ಕೆ ಸಮವಾಗಿ ಇಟ್ಟ ಬಟ್ಟಲಲ್ಲ, ಅದು ಮುಂದಕ್ಕೆ ವಾಲಿದೆ. ಬೆನ್ನಿನ ಕೆಳಭಾಗದ ಸಹಜ ಬಾಗು ಇದ್ದಾಗ ಹೊಟ್ಟೆಯ ಭಾರದ ಒಂದು ಪಾಲು ಮುಂದಿನ ಪ್ಯೂಬಿಕ್ ಮೂಳೆ (ಕಿಬ್ಬೊಟ್ಟೆಯ ಕೆಳತುದಿಯಲ್ಲಿ ಕೈಗೆ ಸಿಗುವ ಮೂಳೆ) ಮತ್ತು ಕಿಬ್ಬೊಟ್ಟೆಯ ಗೋಡೆಯ ಮೇಲೆ ಬೀಳುತ್ತದೆ. ಕುಂಡಿಯನ್ನು ಒಳಗೆ ಸಿಕ್ಕಿಸಿಕೊಂಡು, ಬೆನ್ನು ಚಪ್ಪಟೆ ಮಾಡಿ ನಿಂತರೆ ಆ ಭಾರ ನೇರವಾಗಿ ತಳದ ತೆರಪಿನ ಮೇಲೆ ಬರುತ್ತದೆ.

ನಿಲ್ಲುವ ಕ್ರಮ: ಪಾದಗಳ ನಡುವೆ ಸೊಂಟದಷ್ಟು ಅಂತರ. ಭಾರ ಹಿಮ್ಮಡಿಗೂ ಮುಂಗಾಲಿಗೂ ಸಮ. ಮಂಡಿಯನ್ನು ಹಿಂದಕ್ಕೆ ಬೀಗ ಹಾಕಬೇಡಿ. ಸೊಂಟದ ಮುಂದಿನ ಎರಡು ಮೂಳೆಯ ತುದಿ ಮತ್ತು ಪ್ಯೂಬಿಕ್ ಮೂಳೆ ಒಂದೇ ನೇರದಲ್ಲಿ ಇರಲಿ. ಪಕ್ಕೆಲುಬಿನ ಗೂಡು ಸೊಂಟದ ನೇರ ಮೇಲೆ. ಹೊಟ್ಟೆಯನ್ನು ದಿನವಿಡೀ ಒಳಗೆ ಎಳೆದುಕೊಂಡಿರಬೇಡಿ, ನಡು ಬಿಗಿಯುವ ಬೆಲ್ಟು, ಬಿಗಿ ಒಳಉಡುಪು ಬೇಡ. ಕೂರುವಾಗ ಬಾಲಮೂಳೆಯ ಮೇಲೆ ಕುಸಿಯದೆ ಕುಂಡಿಯ ಎರಡು ಮೂಳೆಗಳ ಮೇಲೆ ಕೂರಿ. ಒರಗಿಕೊಂಡು ಕುಸಿದು ಕೂತಾಗ ತಳಸ್ನಾಯುವಿನ ಕೆಲಸ ಕಡಿಮೆಯಾಗುತ್ತದೆ, ನೆಟ್ಟಗೆ ಕೂತಾಗ ಅದು ತಾನಾಗಿ ಎಚ್ಚರವಾಗುತ್ತದೆ. ಇಷ್ಟನ್ನು ಪಾಲಿಸಿದರೆ ಅಂಗ ತನ್ನ ಜಾಗಕ್ಕೆ ಹಿಂದಿರುಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಸ್ತ್ರೀರೋಗ_ವಿಭಾಗ

ನಿಲುವಿನ ಕ್ರಮ ಚೆನ್ನಾಗಿ ಬರೆದಿದ್ದೀರಿ. ಕೊನೆಯ ವಾಕ್ಯಕ್ಕೆ ಮಾತ್ರ ನನ್ನ ಬಲವಾದ ತಕರಾರಿದೆ.

ಬೆನ್ನಿನ ಬಾಗು ಕಡಿಮೆಯಿರುವವರಲ್ಲಿ ಜಾರುವಿಕೆ ಹೆಚ್ಚು ಕಂಡುಬಂದಿದೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನಗಳು ಹೇಳಿವೆ, ನಿಜ. ಆದರೆ ಎರಡು ವಿಷಯ ಒಟ್ಟಿಗೆ ಕಾಣುವುದು ಬೇರೆ, ಒಂದನ್ನು ಸರಿಮಾಡಿದರೆ ಇನ್ನೊಂದು ಸರಿಹೋಗುವುದು ಬೇರೆ. ಅಂಗಗಳನ್ನು ಹಿಡಿದಿರುವುದು ಸ್ನಾಯು ಮಾತ್ರವಲ್ಲ, ಬಂಧಕ ಅಂಗಾಂಶವೂ ಹೌದು. ಹಿಗ್ಗಿದ ಅಥವಾ ಹರಿದ ಬಂಧ ನಿಲುವಿನಿಂದ ಮತ್ತೆ ಕುಗ್ಗುವುದಿಲ್ಲ. ನಿಲುವಿನಿಂದ ಭಾರದ ಅನುಭವ, ಸಂಜೆಯ ಜಗ್ಗುವಿಕೆ, ಬೆನ್ನುನೋವು ಕಡಿಮೆಯಾಗಬಹುದು. ಅದೇ ದೊಡ್ಡ ಲಾಭ, ಅದನ್ನೇ ಹೇಳೋಣ.

ವ್ಯಾಯಾಮದ ಪುರಾವೆ ಇದಕ್ಕಿಂತ ಗಟ್ಟಿ. 2014ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ, ಫಿಸಿಯೋ ಒಬ್ಬೊಬ್ಬರನ್ನೇ ಪರೀಕ್ಷಿಸಿ ಹೇಳಿಕೊಟ್ಟ ಗುಂಪಿನವರಿಗೆ ಬರೀ ಕರಪತ್ರ ಪಡೆದವರಿಗಿಂತ 12 ತಿಂಗಳ ಹೊತ್ತಿಗೆ ತೊಂದರೆ ಕಡಿಮೆ ಇತ್ತು. ಅಲ್ಲಿಯೂ ಮುಖ್ಯ ಲಾಭ ಲಕ್ಷಣಗಳಲ್ಲಿ. ಗೆರೆಯಿಂದ 1 ಸೆಂ.ಮೀ.ಗಿಂತ ಹೊರಗೆ ಬಾರದ ಹಂತದವರಿಗೆ ವ್ಯಾಯಾಮವನ್ನು ಮೊದಲ ಚಿಕಿತ್ಸೆಯಾಗಿ ಕೊಡುವುದು ಇದರಿಂದಲೇ. ಮೂರು, ನಾಲ್ಕನೇ ಹಂತದವರು ವ್ಯಾಯಾಮ ಒಂದನ್ನೇ ನಂಬಿ ವರ್ಷ ಕಳೆಯಬಾರದು.

ನೆಟ್ಟಗೆ_ನಿಲುವು

"ಹಿಂದಿರುಗುತ್ತದೆ" ಎಂದದ್ದು ಹೆಚ್ಚಾಯಿತು, ಒಪ್ಪಿದೆ. ಲಕ್ಷಣ ಕಡಿಮೆಯಾಗಬಹುದು ಎಂದು ಓದಿಕೊಳ್ಳಿ. ಇನ್ನೊಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ: ಬಾಗು ಬೇಕು ಎಂದು ಎದೆ ಮುಂದಕ್ಕೆ ಚಾಚಿ ಬೆನ್ನನ್ನು ಬಲವಂತವಾಗಿ ಬಗ್ಗಿಸುವವರಿದ್ದಾರೆ. ಆಗ ಪಕ್ಕೆ ಮೇಲೆದ್ದು, ವಪೆ ಮತ್ತು ತಳಸ್ನಾಯು ಒಂದರ ಮೇಲೊಂದು ಕೂರುವುದಿಲ್ಲ, ಉಸಿರು ಎದೆಯಲ್ಲೇ ನಿಲ್ಲುತ್ತದೆ.

ಪ್ರಸೂತಿ_ನರ್ಸ್

ಎಲ್ಲರೂ ವ್ಯಾಯಾಮ ಅಂತೀರಿ, ನಾನು ಶೌಚದ ವಿಷಯಕ್ಕೆ ಬರ್ತೀನಿ. ದಿನಾ ಬೆಳಿಗ್ಗೆ ಐದು ನಿಮಿಷ ತಿಣುಕಿದರೆ ಹಗಲೆಲ್ಲ ಮಾಡಿದ ವ್ಯಾಯಾಮ ನೀರಲ್ಲಿ ಹೋಮ.

ಕಮೋಡಿನ ಮೇಲೆ ಕೂರುವವರು ಕಾಲಡಿಗೆ ಸುಮಾರು 20 ಸೆಂ.ಮೀ. ಎತ್ತರದ ಮಣೆ ಇಟ್ಟುಕೊಳ್ಳಿ. ಮಂಡಿ ಸೊಂಟಕ್ಕಿಂತ ಮೇಲಿರಬೇಕು, ಕಾಲು ಅಗಲ ಇರಬೇಕು. ಬೆನ್ನು ಕುಸಿಯದೆ ಮುಂದಕ್ಕೆ ಬಾಗಿ ಮುಂಗೈ ತೊಡೆಯ ಮೇಲೆ ಊರಿ. ಹಿಂಗೆ ಕೂತಾಗ ಗುದನಾಳದ ಸುತ್ತ ಕೊಕ್ಕೆಯ ಹಾಗೆ ಹಿಡಿದಿರೋ ಸ್ನಾಯು ಸಡಿಲ ಬಿಟ್ಟು ದಾರಿ ನೇರವಾಗುತ್ತೆ. ದವಡೆ ಸಡಿಲ ಬಿಡಿ. ಬಾಯಿ ತೆರೆದು "ಹಾ" ಅಂತ ಉಸಿರು ಬಿಡ್ತಾ, ಹೊಟ್ಟೆಯ ಕೆಳಭಾಗ ಮೆತ್ತಗೆ ಮುಂದಕ್ಕೆ ಅಗಲವಾಗಲಿ, ದ್ವಾರ ತೆರೆದುಕೊಳ್ಳಲಿ. ಉಸಿರು ಕಟ್ಟಿ ಮುಖ ಕೆಂಪಾಗಬಾರದು. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದುಬಿಡಿ, ಮತ್ತೆ ಒತ್ತಡ ಬಂದಾಗ ಹೋಗಿ. ಫೋನ್ ಹಿಡಿದು ಕೂರೋದು ಬೇಡ. ಕುಕ್ಕರಗಾಲಲ್ಲಿ ಕೂರುವವರಿಗೆ ಮಣೆ ಬೇಕಿಲ್ಲ, ಕೋನ ಚೆನ್ನಾಗೇ ಇರುತ್ತೆ. ಆದರೆ ತುಂಬ ಹೊತ್ತು ಕೂತಿರಬಾರದು, ಏಳುವಾಗ ಏನನ್ನಾದರೂ ಹಿಡಿದುಕೊಂಡು ಉಸಿರು ಬಿಡ್ತಾ ಏಳಬೇಕು.

ಹಿಂಗೋಡೆ ಉಬ್ಬಿದವರಿಗೆ ಮಲ ಆ ಉಬ್ಬಿದ ಚೀಲದೊಳಗೆ ಸಿಕ್ಕಿಕೊಳ್ಳುತ್ತೆ. ತಿಣುಕಿದಷ್ಟೂ ಅದು ಯೋನಿಯ ಕಡೆಗೇ ಹೋಗುತ್ತೆ ಹೊರತು ಹೊರಗಲ್ಲ. ಇವರು ಶುಚಿಯಾದ ಹೆಬ್ಬೆರಳನ್ನ ಯೋನಿಯೊಳಗಿಟ್ಟು ಹಿಂಗೋಡೆಯನ್ನ ಬೆನ್ನಿನ ಕಡೆಗೆ ಮೆತ್ತಗೆ ಒತ್ತಿ ಹಿಡಿಯಬಹುದು, ಇಲ್ಲವೇ ಎರಡು ದ್ವಾರಗಳ ನಡುವಿನ ಜಾಗವನ್ನ ಬೆರಳಿಂದ ಮೇಲಕ್ಕೆ ಆನಿಸಬಹುದು. ನಾಚಿಕೆ ಪಡೋ ವಿಷಯ ಅಲ್ಲ ಇದು. ತುಂಬ ಹೆಂಗಸರು ಯಾರಿಗೂ ಹೇಳದೆ ತಾವೇ ಕಂಡುಕೊಂಡಿರ್ತಾರೆ, ತಪ್ಪು ಮಾಡ್ತಿದ್ದೀನಿ ಅಂದ್ಕೊಂಡಿರ್ತಾರೆ. ತಪ್ಪಲ್ಲ, ಅದು ನಾವೇ ಹೇಳಿಕೊಡೋ ವಿಧಾನ.

ಮುಂಗೋಡೆ ಇಳಿದವರಿಗೆ ಮೂತ್ರ ಉಳಿಯುತ್ತೆ. ಮೂತ್ರ ನಿಂತ ಮೇಲೆ ತಕ್ಷಣ ಏಳಬೇಡಿ. ಸೊಂಟವನ್ನ ಹಿಂದೆ ಮುಂದೆ ನಾಲ್ಕು ಸಲ ಆಡಿಸಿ, ಇಲ್ಲ ಎದ್ದು ನಿಂತು ಅರ್ಧ ನಿಮಿಷ ಬಿಟ್ಟು ಮತ್ತೆ ಕೂತು ಮುಂದಕ್ಕೆ ಬಾಗಿ. ಉಳಿದದ್ದು ಬರುತ್ತೆ. ಹೊಟ್ಟೆ ಒತ್ತಿ ತೆಗೆಯಬೇಡಿ.

ಮಲ ಮೆತ್ತಗೆ ಉದ್ದಗೆ ಇರಬೇಕು. ಉಂಡೆ ಉಂಡೆ ಆಗಿದ್ದರೆ ನಾರಿನಂಶ ದಿನಕ್ಕೆ 25–30 ಗ್ರಾಂ ತನಕ ನಿಧಾನವಾಗಿ ಏರಿಸಿ, ಜೊತೆಗೆ ನೀರು. ಒಂದೇ ದಿನ ಏರಿಸಿದರೆ ಹೊಟ್ಟೆ ಉಬ್ಬರ ಬಂದು ಮತ್ತದೇ ಒತ್ತಡ.

ಬೆಳಗಿನ_ಚಾಪೆ

ಯೋಗ ಕಲಿಸುವವರಿಗೆ ಈ ಪ್ರಶ್ನೆ ದಿನವೂ ಬರುತ್ತದೆ: ಉಡ್ಡಿಯಾನ ಬಂಧ, ಕಪಾಲಭಾತಿ, ಶೀರ್ಷಾಸನ ಮಾಡಬಹುದೇ? ನಾನು ಅನುಸರಿಸುವ ಕ್ರಮ ಹೇಳುತ್ತೇನೆ, ತಪ್ಪಿದ್ದರೆ ಫಿಸಿಯೋ ಮೇಡಂ ತಿದ್ದಲಿ.

ಕಪಾಲಭಾತಿಯಲ್ಲಿ ಪ್ರತಿ ಹೊಡೆತಕ್ಕೂ ಹೊಟ್ಟೆಯ ಒತ್ತಡ ಏರುತ್ತದೆ, ಕೆಳಗೆ ಉಬ್ಬಿದ ಅನುಭವ ಇರುವವರಿಗೆ ಕಲಿಸುವುದಿಲ್ಲ. ಶೀರ್ಷಾಸನದಲ್ಲಿ ಅಂಗ ಮೇಲೆ ಸರಿಯುತ್ತದೆ, ಇಳಿದ ಕೂಡಲೇ ಮತ್ತೆ ಅಲ್ಲಿಗೇ. ಅದಕ್ಕಾಗಿ ಕತ್ತಿಗೆ ಅಪಾಯ ತಂದುಕೊಳ್ಳುವ ಅಗತ್ಯವಿಲ್ಲ. ಅದರ ಬದಲು ಅಂಗಾತ ಮಲಗಿ ಕಾಲನ್ನು ಕುರ್ಚಿಯ ಮೇಲಿಟ್ಟು, ಸೊಂಟದ ಕೆಳಗೆ 10–15 ಸೆಂ.ಮೀ. ದಿಂಬು ಇಟ್ಟು ಹತ್ತು ಹದಿನೈದು ನಿಮಿಷ ಇರಿ. ಮೊಣಕಾಲು-ಎದೆ ಭಂಗಿಯಲ್ಲಿ, ಕುಂಡಿ ಮೇಲೆ ಎದೆ ಕೆಳಗೆ, ನಾಲ್ಕೈದು ನಿಮಿಷವೂ ಆದೀತು. ಸಂಜೆಯ ಭಾರಕ್ಕೆ ಇದರಷ್ಟು ಬೇಗ ಸುಖ ಕೊಡುವುದು ಮತ್ತೊಂದಿಲ್ಲ.

ತಳಸ್ನಾಯು_ಫಿಸಿಯೋ

ಸರಿಯಾಗಿದೆ. ಆ ಇಳಿಜಾರು ಭಂಗಿಯಲ್ಲೇ ಹಿಡಿತದ ವ್ಯಾಯಾಮ ಮಾಡಿದರೆ ಇನ್ನೂ ಒಳ್ಳೆಯದು, ಅಂಗದ ಭಾರ ಮೇಲಿಲ್ಲದಾಗ ದುರ್ಬಲ ಸ್ನಾಯುವಿಗೂ ಎತ್ತಲು ಬರುತ್ತದೆ.

ಉಡ್ಡಿಯಾನದ ಬಗ್ಗೆ: ಉಸಿರು ಪೂರ್ತಿ ಬಿಟ್ಟು ಪಕ್ಕೆ ಅಗಲಿಸಿ ಹೊಟ್ಟೆ ಒಳಸೇರಿಸುವ ಇದೇ ಮಾದರಿಯ ವ್ಯಾಯಾಮವನ್ನು ಹೈಪೊಪ್ರೆಸಿವ್ ಎಂಬ ಹೆಸರಲ್ಲಿ ಕಲಿಸುತ್ತಾರೆ. ಆ ಕ್ಷಣಕ್ಕೆ ಒಳಗೆಲ್ಲ ಮೇಲೆ ಎಳೆದ ಹಾಗೆ ಆಗುವುದು ನಿಜ. ಆದರೆ ತಳಸ್ನಾಯುವಿನ ನೇರ ವ್ಯಾಯಾಮದ ಜಾಗ ತುಂಬುವಷ್ಟು ಪುರಾವೆ ಅದಕ್ಕಿಲ್ಲ. ಇಷ್ಟವಿದ್ದವರು ಜೊತೆಗೆ ಮಾಡಲಿ, ಅದರ ಬದಲಿಗೆ ಇದು ಎಂದು ಬೇಡ. ಗರ್ಭಿಣಿಯರು ಮತ್ತು ರಕ್ತದೊತ್ತಡ ಹೆಚ್ಚಿರುವವರು ಮಾಡಬಾರದು.

ಹಸಿರುಗರಿ

"ಭಾರ ಎತ್ತಬೇಡಿ" ಎಂಬುದಕ್ಕೆ ಬರೋಣ. ಮಗು ಎತ್ತದೆ, ನೀರಿನ ಬಕೆಟ್ ಎತ್ತದೆ ಯಾರ ದಿನವೂ ನಡೆಯುವುದಿಲ್ಲ.

ತಳಸ್ನಾಯು_ಫಿಸಿಯೋ

ಆ ಮಾತನ್ನು ಹಾಗೇ ಪಾಲಿಸಿದವರ ಕೈಕಾಲು ಸೊರಗುತ್ತವೆ, ಆಮೇಲೆ ಕುರ್ಚಿಯಿಂದ ಏಳಲೂ ತಿಣುಕಬೇಕಾಗುತ್ತದೆ. ಜೋರು ಕೆಮ್ಮಿನ ಒತ್ತಡ ಎಷ್ಟೋ ಹಗುರ ಹೊರೆ ಎತ್ತುವ ಒತ್ತಡಕ್ಕಿಂತ ಹೆಚ್ಚು. ಕೆಮ್ಮನ್ನು ಬೇಡ ಎನ್ನಲಾಗದು. ಹಾಗಾದರೆ ಕಲಿಯಬೇಕಾದ್ದು ಸಮಯ. ಕೆಮ್ಮು, ಸೀನು, ಏಳುವುದು, ಎತ್ತುವುದು, ಇವುಗಳಿಗೆ ಒಂದು ಕ್ಷಣ ಮೊದಲು ತಳಸ್ನಾಯು ಬಿಗಿಯಾಗಿರಬೇಕು. ಕ್ರಮ ಹೀಗೆ: ಬಿಗಿ, ಆಮೇಲೆ ಉಸಿರು ಬಿಡುವುದು, ಬಿಡುತ್ತಲೇ ಎತ್ತುವುದು, ಕೆಲಸ ಮುಗಿದ ಮೇಲೆ ಸಡಿಲ. ಕೆಮ್ಮುವಾಗ ಬೆನ್ನು ಗೂನು ಮಾಡದೆ ತಲೆಯನ್ನು ಪಕ್ಕಕ್ಕೆ ತಿರುಗಿಸಿ ನೆಟ್ಟಗೆ ಕೆಮ್ಮಿ.

ಬಕೆಟ್ಟನ್ನು ತುಂಬ ತುಂಬಿಸದೆ ಎರಡು ಅರ್ಧ ಮಾಡಿ, ಎರಡು ಕೈಗೂ ಹಂಚಿ. ಮಗುವನ್ನು ನೆಲದಿಂದ ಎತ್ತುವಾಗ ಒಂದು ಮಂಡಿ ಊರಿ, ಮಗುವನ್ನು ಮೈಗೆ ಒತ್ತಿಕೊಂಡು, ಉಸಿರು ಬಿಡುತ್ತಾ ಏಳಿ. ಒಂದೇ ಸೊಂಟದ ಮೇಲೆ ಗಂಟೆಗಟ್ಟಲೆ ಕೂರಿಸಿಕೊಳ್ಳುವುದು ಬೇಡ. ನೆಲದ ಕೆಲಸಕ್ಕೂ ಕುಕ್ಕರಗಾಲಿನ ಬದಲು ಒಂದು ಮಂಡಿ ಊರುವುದೇ ವಾಸಿ. ನಿಂತು ಮಾಡುವ ಕೆಲಸವನ್ನು ಬೆಳಿಗ್ಗೆಗೆ ಸರಿಸಿ, ಸಂಜೆ ಸ್ನಾಯು ದಣಿದಿರುತ್ತದೆ.

ಮಲಗಿದಲ್ಲಿಂದ ನೇರ ಏಳಬೇಡಿ. ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಕೈಯೂರಿ ಏಳಿ.

ಸ್ತ್ರೀರೋಗ_ವಿಭಾಗ

ಪೆಸರಿಯ ಬಗ್ಗೆ ಯಾರೂ ಹೇಳಲಿಲ್ಲ. ಸಿಲಿಕೋನಿನ ರಿಂಗನ್ನು ಯೋನಿಯೊಳಗೆ ಇಟ್ಟರೆ ಅಂಗಕ್ಕೆ ಆನಿಕೆ ಸಿಗುತ್ತದೆ. ವ್ಯಾಯಾಮ ಮಾಡುವವರಿಗೂ ಅದು ಅಡ್ಡಿಯಲ್ಲ. ನಡಿಗೆ, ಭಾರದ ವ್ಯಾಯಾಮದ ಹೊತ್ತಿಗೆ ಮಾತ್ರ ಹಾಕಿಕೊಳ್ಳುವವರೂ ಇದ್ದಾರೆ. ಅಳತೆ ಸರಿಯಿದ್ದರೆ ಒಳಗಿದೆ ಎಂದೇ ಗೊತ್ತಾಗಬಾರದು, ಅಂಚಿನ ಸುತ್ತ ಒಂದು ಬೆರಳು ಆಡಬೇಕು, ಕೂತು ಎದ್ದು ಕೆಮ್ಮಿದರೂ ಬೀಳಬಾರದು, ಮೂತ್ರ ಸರಾಗ ಹೋಗಬೇಕು. ಈ ನಾಲ್ಕನ್ನೂ ಆಸ್ಪತ್ರೆಯಲ್ಲೇ ಪರೀಕ್ಷಿಸಿಕೊಂಡು ಹೊರಡಿ. ತಾವೇ ತೆಗೆದು ಸೋಪು ನೀರಲ್ಲಿ ತೊಳೆದು ಹಾಕಿಕೊಳ್ಳಲು ಕಲಿತರೆ ಇನ್ನೂ ಅನುಕೂಲ. ಕಲಿಯದವರು ಹೇಳಿದ ಅವಧಿಗೆ ಬಂದು ತೋರಿಸಲೇಬೇಕು, ಮರೆತುಬಿಟ್ಟ ರಿಂಗ್ ಒಳಗೋಡೆಯನ್ನು ಕೊರೆದು ಹುಣ್ಣು ಮಾಡುತ್ತದೆ. ಮುಟ್ಟು ನಿಂತವರಲ್ಲಿ ಒಳಗೋಡೆ ತೆಳುವಾಗಿರುತ್ತದೆ, ಅವರಿಗೆ ಯೋನಿಗೆ ಹಚ್ಚುವ ಈಸ್ಟ್ರೊಜನ್ ಕ್ರೀಮು ಬೇಕೇ ಎಂದು ವೈದ್ಯರನ್ನು ಕೇಳಿ.

ಇವಿದ್ದರೆ ವ್ಯಾಯಾಮ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಿ: ಮೂತ್ರ ಬಾರದೇ ಇರುವುದು, ಮುಟ್ಟು ನಿಂತ ಮೇಲೆ ರಕ್ತ, ಹೊರಬಂದ ಭಾಗದಲ್ಲಿ ಹುಣ್ಣು ಅಥವಾ ಬಣ್ಣ ಬದಲಾವಣೆ, ಒಳಗೆ ಸರಿಸಲು ಆಗದಿರುವುದು, ಜ್ವರದ ಜೊತೆ ಮೂತ್ರದಲ್ಲಿ ಉರಿ. ತೊಡೆಸಂದು, ಗುದದ ಸುತ್ತ ಮರಗಟ್ಟಿ ಮಲಮೂತ್ರದ ಹಿಡಿತ ತಪ್ಪಿದರೆ ಅದು ಬೆನ್ನುಹುರಿಯ ಕೆಳಗಿನ ನರಗಳ ತುರ್ತು, ಅದೇ ದಿನ ಹೋಗಬೇಕು.

ಬೆಳಗಿನ_ಚಾಪೆ

ಹಿಡಿತ ಚೆನ್ನಾಗಿ ಬಂದ ಮೇಲೆ ಮುಂದಿನ ಹೆಜ್ಜೆ ಏನು? ಸ್ಕ್ವಾಟ್, ಭಾರ, ಓಟ ಯಾವಾಗ?

ತಳಸ್ನಾಯು_ಫಿಸಿಯೋ

ಮಲಗಿ 8 ಸೆಕೆಂಡು 8 ಸಲ ಬಂದರೆ ಕೂತು ಮಾಡಿ, ಕೂತು ಬಂದರೆ ನಿಂತು. ನಿಂತು ಬಂದ ಮೇಲೆ ಕುರ್ಚಿಯಿಂದ ಏಳುವುದನ್ನೇ ವ್ಯಾಯಾಮ ಮಾಡಿಕೊಳ್ಳಿ, ಏಳುವಾಗ ಬಿಗಿ ಮತ್ತು ಉಸಿರು ಬಿಡುವುದು, ಕೂರುವಾಗ ಸಡಿಲ, 8–10 ಸಲ. ಜೊತೆಗೆ ಮಲಗಿ ಸೊಂಟ ಎತ್ತುವುದು, ಪಕ್ಕಕ್ಕೆ ಮಲಗಿ ಕಾಲು ಎತ್ತುವುದು. ಎರಡು ಕಾಲೂ ಒಟ್ಟಿಗೆ ಎತ್ತಿ ಇಳಿಸುವುದು, ಸರ್ರನೆ ಎದ್ದು ಕೂರುವ ಹೊಟ್ಟೆ ವ್ಯಾಯಾಮ ಆಮೇಲೆ ನೋಡಿಕೊಳ್ಳೋಣ.

ಭಾರ 1–2 ಕಿಲೋದಿಂದ ಶುರು, ವಾರಕ್ಕೆ ಒಂದೇ ಬದಲಾವಣೆ: ತೂಕ ಏರಿಸಿದರೆ ಎಣಿಕೆ ಏರಿಸಬೇಡಿ. ವ್ಯಾಯಾಮದ ಹೊತ್ತಲ್ಲಿ ಮತ್ತು ಮರುದಿನ ಅದೇ ಸಮಯದವರೆಗೆ ಭಾರ, ಜಗ್ಗುವಿಕೆ, ಮೂತ್ರ ಸೋರುವುದು ಹೆಚ್ಚಾಗಿದೆಯೇ ಗಮನಿಸಿ. ಹೆಚ್ಚಾಗಿದ್ದರೆ ಹಿಂದಿನ ಹೆಜ್ಜೆಗೆ ಮರಳಿ ಒಂದು ವಾರ ಇರಿ. ಮುಟ್ಟಿನ ದಿನಗಳಲ್ಲಿ ಭಾರ ಹೆಚ್ಚು ಅನಿಸುವುದು ಸಾಮಾನ್ಯ, ಆ ವಾರದ ಅನುಭವದಿಂದ ವ್ಯಾಯಾಮವನ್ನು ಅಳೆಯಬೇಡಿ. ಓಟ ಮತ್ತು ಜಿಗಿತ ಕೊನೆಗೆ, ಅರ್ಧ ಗಂಟೆ ಚುರುಕು ನಡಿಗೆ ಯಾವ ಲಕ್ಷಣವೂ ಇಲ್ಲದೆ ಸಾಧ್ಯವಾದ ಮೇಲೆ, ಒಮ್ಮೆ ಒಳಪರೀಕ್ಷೆ ಮಾಡಿಸಿಕೊಂಡು. ಮೊದಲಿಗೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಐದಾರು ಸುತ್ತು. ರಿಂಗ್ ಇರುವವರು ಹಾಕಿಕೊಂಡೇ ಓಡಿ.